ನೋವು ಬರೂತನಕ
ಶಹಾಪುರದಲ್ಲಿ ಫಿಜಿಯೋಥೆರಪಿ ಮಾಡುವ ಆ ಮೇಡಂ ಮೊಣಕಾಲು ಮುಟ್ಟುವ ಮೊದಲು ತಮ್ಮ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಬಾವಿಯಲ್ಲಿ ಕಪ್ಪೆಯ ಹಾಗೆ ಕಾಲು ಒದ್ದು ಈಜಿ ಈಜಿ ನನಗೆ ಮೊಣಕಾಲು ನೋವು ಹಿಡಿದಿತ್ತು. ಮನೆಯವರೆಲ್ಲ ಈಜು ಬಿಡು ಅಂದರು, ಅವರೊಬ್ಬರು ಅನ್ನಲಿಲ್ಲ. ಕಾಲು ಮಡಿಚಿ ಬಿಡಿಸುವಾಗ ಅವರದು ಒಂದೇ ಮಾತು: "ನೋವು ಬರೂತನಕ ಅಷ್ಟರಿ ಅಕ್ಕಾರ, ಅದರ ಮುಂದ ಬ್ಯಾಡ."

ನೋವು ಇಳಿದ ಮೇಲೆ, ನಾನು ಕಾಲು ಒದೆಯುವ ರೀತಿ ನೋಡಬೇಕೆಂದು ದೋರನಹಳ್ಳಿಯ ನಮ್ಮ ಹೊಲದ ಬಾವಿಗೇ ಬಂದರು. ಮೇಲಿನ ಮೆಟ್ಟಿಲಲ್ಲಿ ನಿಂತು, "ಮೊಣಕಾಲು ಅಷ್ಟು ಅಗಲ ಮಾಡಬ್ಯಾಡ್ರಿ" ಎಂದು ಕೂಗುತ್ತಲೇ ಇದ್ದರು. ಆಮೇಲೆ, ಈಜು ಕಲಿಯುವವರು ನಡುವಿಗೆ ಕಟ್ಟಿಕೊಳ್ಳುವ ಬೆಂಡನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಕೇಳಿದರು: "ಇದು ನನ್ನೂ ತೇಲಸ್ತೈತೇನ್ರಿ? ನಾ ಎಂದೂ ನೀರಿಗಿ ಇಳದಿಲ್ಲ."

ಅವರ ನಡುವಿಗೆ ನಾನೇ ಬೆಂಡು ಕಟ್ಟಿದೆ. ಪಾದಕ್ಕೆ ನೀರು ತಾಗಿದ್ದೇ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಅಂಜಿಕಿ ಬರೂತನಕ ಅಷ್ಟರಿ ಮೇಡಂ, ಅದರ ಮುಂದ ಬ್ಯಾಡ" ಅಂದೆ.

"ಅದು ಮನ್ಯಾಗಿದ್ದಾಗನ ಬಂದಿತ್ತರಿ" ಎಂದು ಅವರು ಇನ್ನೊಂದು ಮೆಟ್ಟಿಲು ಇಳಿದರು.