ಟೋಬಿಯ ಮೇಲೆ ಹೊರಿಸಿದ ಅಪವಾದ

ಆ ಮೊಟ್ಟೆಗಳನ್ನು ತಿಂದದ್ದು ರೂತ್ ಅವರ ನಾಯಿಯಲ್ಲ. ತಿಂದದ್ದು ಕಾಗೆಗಳು; ಅವನ್ನು ಕರೆದು ರೂಢಿ ಮಾಡಿಸಿದವಳು ನಾನು — ಇಷ್ಟನ್ನು ಹೇಳಲು ನನಗೆ ನಾಲ್ಕು ವರ್ಷ ಬೇಕಾಯಿತು.

ರಿಟೈರ್ ಆದಮೇಲೆ ಊರೂರು ತಿರುಗೋಣವೆಂದು ನಮ್ಮ ಯಜಮಾನರು ಆರ್‌ವಿ ಕೊಂಡರು. ಒಲೆ, ಹಾಸಿಗೆ ಎಲ್ಲ ಒಳಗೇ ಇರುವ ದೊಡ್ಡ ಗಾಡಿ. ತಿರುಗುವ ಮೊದಲೇ ಅವರು ಹೋದರು. ಮಾರಿಬಿಡು ಎಂದಳು ವೆಸ್ಟ್ ವಿಂಡ್ಸರ್ ಊರಿನಲ್ಲಿರುವ ಮಗಳು. ನನ್ನದು ಹಟಮಾರಿ ಜಾತಕ — ಅರವತ್ತನಾಲ್ಕನೆಯ ವಯಸ್ಸಿನಲ್ಲಿ ಆ ಆನೆಯನ್ನು ರಿವರ್ಸ್ ತೆಗೆಯಲು ಕಲಿತು, ಒಬ್ಬಳೇ ಹೊರಟೆ. ನ್ಯೂಜೆರ್ಸಿಯ ಕಡಲಂಚಿನ ಒಂದು ವನ್ಯಜೀವಿಧಾಮದಲ್ಲಿ ವಾಲಂಟಿಯರ್ ಆದೆ. ಗಾಡಿ ನಿಲ್ಲಿಸಲು ಜಾಗ, ಕರೆಂಟು, ನೀರು ಅವರದು. ಮರಳಲ್ಲಿ ಮೊಟ್ಟೆಯಿಡುವ ಪುಟ್ಟ ಹಕ್ಕಿಗಳ ಹತ್ತಿರ ಯಾರೂ ಹೋಗದಂತೆ ಹಗ್ಗದ ಬೇಲಿ ಕಾಯುವುದು ನನ್ನ ಕೆಲಸ. ಪಕ್ಕದ ಗಾಡಿಯಲ್ಲಿದ್ದ ರೂತ್ ಕೂಡ ವಾಲಂಟಿಯರ್. ನನಗಿಂತ ಹತ್ತು ವರ್ಷ ದೊಡ್ಡವರು. ಅವರಿಗೆ ಟೋಬಿ ಎಂಬ ನಾಯಿ ಬಿಟ್ಟರೆ ಹಿಂದೆ ಮುಂದೆ ಯಾರೂ ಇರಲಿಲ್ಲ.

ಮೇ ತಿಂಗಳಲ್ಲಿ ಯಜಮಾನರ ತಿಥಿ ಬಂತು. ಅನ್ನ ಮಾಡಿ, ಎಳ್ಳು ಕಲಸಿ, ಒಂದು ಹಿಡಿ ಮರಳ ದಿಬ್ಬದ ಮೇಲಿಟ್ಟು ಕಾದೆ. ಯಾವ ಪ್ರಾಣಿಗೂ ಏನನ್ನೂ ಹಾಕುವುದಿಲ್ಲವೆಂದು ಸಹಿ ಮಾಡಿಕೊಟ್ಟಿದ್ದೆ — ಇದು ಅದಲ್ಲ ಎಂದುಕೊಂಡೆ. ಕಾಗೆ ಮುಟ್ಟದಿದ್ದರೆ ಅವರಿಗೆ ನನ್ನ ಮೇಲೆ ಬೇಸರವಿದೆಯೆಂದೇ ಅರ್ಥ... ಒಂದು ಕಾಗೆ ಬಂತು. ನಾನು ಅತ್ತುಬಿಟ್ಟೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ಮರುದಿನವೂ ಇಟ್ಟೆ, ಅದರ ಮರುದಿನವೂ — ಅವರ ಜೊತೆ ಊಟಕ್ಕೆ ಕೂತ ಹಾಗಿರುತ್ತಿತ್ತು. ಒಂದು ಕಾಗೆ ಹೋಗಿ ಎಂಟಾದವು.

ಆರನೆಯ ಬೆಳಗ್ಗೆ ದಿಬ್ಬದ ಕೆಳಗಿನ ಗೂಡಿನಲ್ಲಿ ಒಡೆದ ಚಿಪ್ಪು ಮಾತ್ರ ಇತ್ತು. ಸುತ್ತ ಕಾಗೆ ಕಾಲಿನ ಗುರುತು. ನಾನು — ಹೇಗೆ ಹೇಳಲಿ — ಹಗ್ಗ ದಾಟಿ ಹೋಗಿ, ಆ ಗುರುತುಗಳನ್ನೆಲ್ಲ ಕೈಯಿಂದ ಸವರಿ ಅಳಿಸಿದೆ. ಆಮೇಲೆ ಆಫೀಸಿಗೆ ಫೋನ್ ಮಾಡಿದೆ.

ಹಿಂದಿನ ಸಂಜೆ ಟೋಬಿ ಬೆಲ್ಟ್ ಕಿತ್ತುಕೊಂಡು ಓಡಿದ್ದನ್ನು ಎಲ್ಲರೂ ನೋಡಿದ್ದರು. ಮೇಲ್ವಿಚಾರಕಿ ನನ್ನನ್ನೇ ಕೇಳಿದರು, "ನಾಯಿ ಈ ಕಡೆ ಬಂದಿತ್ತಾ?"

"ಬಂದಿರಬಹುದು," ಎಂದೆ.

ಅಷ್ಟೇ. ಆ ಒಂದು ಮಾತು ಸಾಕಾಯಿತು. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಮಾಡಿದವಳು ನಾನು, ಉಂಡವರು ರೂತ್. ಆಫೀಸಿನವರು ಹೇಳಿದಂತೆ ಅವರು ಮರುದಿನ ಜಾಗ ಖಾಲಿ ಮಾಡಿದರು. ಹೊರಡುವಾಗ ನನ್ನನ್ನು ತಬ್ಬಿ, "ನನ್ನನ್ನು ಬೈಯದವಳು ನೀನೊಬ್ಬಳೇ," ಎಂದರು.

ಮಗಳಿಗೆ ಹೇಳಿದರೆ, "ಅಮ್ಮಾ, ಪ್ಲೀಸ್, ಲೆಟ್ ಇಟ್ ಗೋ," ಎಂದಳು. ಪಾಪ, ನನ್ನ ಮೇಲಿನ ಪ್ರೀತಿಗೆ ಹೇಳಿದ್ದು. ಆದರೆ ಕ್ಷಮಿಸಬೇಕಾದವಳು ಅವಳಲ್ಲವಲ್ಲ.

ಕಳೆದ ವಾರ ರೂತ್ ಅವರಿಗೆ ಫೋನ್ ಮಾಡಿ, ಅನ್ನ ಇಟ್ಟದ್ದರಿಂದ ಹಿಡಿದು ಗುರುತು ಅಳಿಸಿದ್ದರವರೆಗೆ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. "ಟೋಬಿ ಈ ಚಳಿಗಾಲದಲ್ಲಿ ಹೋದ," ಎಂದರು. "ಅವನೇ ಮಾಡಿದ್ದು ಅಂತ ನಾನೂ ನಂಬಿಬಿಟ್ಟಿದ್ದೆ. ಅವತ್ತಿನಿಂದ ಒಂದು ದಿನವೂ ಅವನನ್ನು ಬಿಚ್ಚಿ ಬಿಡಲಿಲ್ಲ."