ವಿಜಯವಾಡದ ಬೆಂಚಿನ ಮೇಲೆ ಕೇಳಿದ ಮಾತು

ವಿಶಾಖಪಟ್ಟಣದಿಂದ ಬಂದಿಳಿದು, ವಿಜಯವಾಡ ನಿಲ್ದಾಣದಲ್ಲಿ ಹುಬ್ಬಳ್ಳಿಯ ರೈಲಿಗೆ ಕಾಯುತ್ತಿದ್ದೆವು. ನನ್ನ ಮಗಳು ಸಿಂಧು ಕಿವಿ ಮುಚ್ಚಿಕೊಂಡು ಹಿಂದೆ ಮುಂದೆ ತೂಗುತ್ತಿದ್ದಳು. ಪಕ್ಕದ ಬೆಂಚಿನಲ್ಲಿ ಇನ್ನೊಬ್ಬ ತಾಯಿ, ಹರೆಯದ ಮಗಳೊಂದಿಗೆ. ಧ್ವನಿವರ್ಧಕ ಕೂಗಿದಾಗಲೆಲ್ಲ ಆ ಹುಡುಗಿ ಕಿರುಚುತ್ತಿದ್ದಳು. ಜನ ತಿರುಗಿ ನೋಡಿದರು.

"ಮಾ ಅಮ್ಮಾಯಿಕಿ ಆಟಿಸಂ ಅಂಡಿ," ತಮ್ಮ ಹುಡುಗಿಗೆ ಆಟಿಸಂ ಎಂದು ಆ ತಾಯಿ ತೆಲುಗಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದರು.

ಅದೆಂಥ ರೋಗವೆಂದು, ರೇಡಿಯೋ ಹಾಕಿಕೊಂಡು ಕೂತಿದ್ದ ಮುದುಕರೊಬ್ಬರು ಕೇಳಿದರು. ರೋಗವಲ್ಲ, ಹುಟ್ಟಿದ್ದೇ ಹೀಗೆ, ಸದ್ದು ತಡೆಯಲಾರಳು ಎಂದು ಆಕೆ ತೆಲುಗಿನಲ್ಲೇ ತಿಳಿಸಿ ಹೇಳಿದರು. ಮುದುಕರು ತಮ್ಮ ರೇಡಿಯೋ ಆರಿಸಿದರು.

ನನಗೆ ಹೊಟ್ಟೆ ಉರಿಯಿತು. ಡಾಕ್ಟರು ಸಿಂಧುವಿಗೂ ಅದೇ ಹೆಸರು ಹೇಳಿ ಮೂರು ವರ್ಷವಾಗಿತ್ತು. ನಾನು ಅದನ್ನು ನನ್ನ ಅತ್ತೆಗೂ ಹೇಳಿರಲಿಲ್ಲ. ಈಕೆಯ ಬಾಯಲ್ಲಿ ಅದು ಊರಿನ ಹೆಸರಿನಷ್ಟು ಸಲೀಸಾಗಿ ಬಂದಿತ್ತು.

ಆಕೆ ಸಿಂಧುವನ್ನು ನೋಡಿ, "ಪಾಪಕಿ ಏಮೈಂದಮ್ಮಾ?" ಎಂದು, ಮಗುವಿಗೆ ಏನಾಯಿತೆಂದು ಕೇಳಿದರು.

"ಜ್ವರ," ಎಂದೆ.

ಆಕೆ ಸಿಂಧುವಿನ ಮುಚ್ಚಿದ ಕಿವಿಗಳತ್ತ ನೋಡಿದರು. ಚೀಲದಿಂದ ಹತ್ತಿ ತೆಗೆದು, ಎರಡು ಸಣ್ಣ ಉಂಡೆ ಮಾಡಿ ನನ್ನ ಅಂಗೈಯಲ್ಲಿಟ್ಟರು. ಕಿವಿಗೆ ಇಡುವಂತೆ ಸನ್ನೆ ಮಾಡಿದರು.

ಇಟ್ಟೆ. ಸ್ವಲ್ಪ ಹೊತ್ತಿಗೆ ಸಿಂಧು ಕೈ ಕೆಳಗಿಳಿಸಿದಳು. ನಾನು ಆಕೆಗೆ ಥ್ಯಾಂಕ್ಸ್ ಕೂಡ ಹೇಳಲಿಲ್ಲ.