ಚಿಕ್ಕಮ್ಮನ ಹೆಪ್ಪು

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಒಂದೆರಡು ಸಂಗತಿಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಹೋದ ತಿಂಗಳು ಸಿಡ್ನಿಯ ಲಿವರ್‌ಪೂಲ್‌ನ ಮಾಲ್‌ನಲ್ಲಿ ಎಸ್ಕಲೇಟರ್ ಇಳಿಯುವಾಗ ಬೇಯಿಸಿದ ಸ್ವೀಟ್ ಕಾರ್ನ್ ವಾಸನೆ ಬಂತು. ಬೆಣ್ಣೆ ಹಾಕಿ ಲೋಟದಲ್ಲಿ ಕೊಡುವ ಅಂಗಡಿಯೊಂದು ಹೊಸದಾಗಿ ಬಂದಿದೆ. ಯಾರಿಗಾದರೂ ಹಸಿವಾಗಬೇಕಾದ ವಾಸನೆ. ನನಗೆ ಮೆಲ್ಬರ್ನ್‌ನ ಆಸ್ಪತ್ರೆಯ ಕೋಣೆಯೊಂದು ಕಣ್ಣಿಗೆ ಕಟ್ಟಿ, ಮಾಲ್‌ಗೆ ಯಾಕೆ ಬಂದೆನೆಂಬುದೇ ಮರೆತು, ಇಳಿದ ಎಸ್ಕಲೇಟರ್‌ನ ಪಕ್ಕದ್ದನ್ನು ಹತ್ತಿ ಮತ್ತೆ ಮೇಲೆ ಹೋದೆ.

ಚಿಕ್ಕಮ್ಮ ನನ್ನ ಅಮ್ಮನ ತಂಗಿ. ಮೈಸೂರಿನಿಂದ ಮದುವೆಯಾಗಿ ಬಂದು ಮೆಲ್ಬರ್ನ್‌ನ ಗ್ಲೆನ್ ವೇವರ್ಲಿಯಲ್ಲಿ ಸಂಸಾರ ಹೂಡಿದವಳು. ಮಕ್ಕಳಿರಲಿಲ್ಲ. ನಾನು ಓದಲು ಸಿಡ್ನಿಗೆ ಬಂದ ಮೇಲೆ, ರಜೆ ಎಂದರೆ ಅವಳ ಮನೆ ಎಂದಾಗಿಬಿಟ್ಟಿತ್ತು. ಅವಳಿಗೆ ಲಿಂಫೋಮಾ, ಅಂದರೆ ದುಗ್ಧಗ್ರಂಥಿಗಳ ಕ್ಯಾನ್ಸರ್, ಎಂದು ಗೊತ್ತಾದದ್ದು ಕತ್ತಿನ ಗಂಟಿನಿಂದ. ಮೊದಲ ಚಿಕಿತ್ಸೆಗೆ ಹೋದದ್ದು ಮತ್ತೆ ಬಂತು. ಅದು 2014 ಇರಬೇಕು, ಅಥವಾ ಮರುವರ್ಷ. ಆಗ ಅವಳನ್ನು ನಗರದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಲಿಂಫೋಮಾ ಒಂದನ್ನೇ ನೋಡುವ, ಅದರ ಮೇಲೆಯೇ ಸಂಶೋಧನೆ ಮಾಡುವ ವೈದ್ಯರಿದ್ದರು.

ಅವಳ ರಕ್ತದಿಂದಲೇ ಒಂದಿಷ್ಟು ಮೂಲಕೋಶ ತೆಗೆದು ಫ್ರೀಜ್ ಮಾಡುವುದು, ಆಮೇಲೆ ಬಲವಾದ ಔಷಧಿ ಕೊಟ್ಟು ಮಜ್ಜೆಯನ್ನು ಬರಿದು ಮಾಡುವುದು, ಕೊನೆಗೆ ಅವಳ ಕೋಶಗಳನ್ನು ಅವಳಿಗೇ ವಾಪಸು ಕೊಡುವುದು. ವೈದ್ಯೆ ಇದನ್ನು ನಿಧಾನವಾಗಿ ವಿವರಿಸಿದರು. ನಿವೃತ್ತ ಎಂಜಿನಿಯರ್ ಚಿಕ್ಕಪ್ಪ ಮನೆಗೆ ಬಂದು ಬಾಣದ ಗುರುತುಗಳನ್ನೆಲ್ಲ ಹಾಕಿ ಚಿತ್ರ ಬರೆದು ತೋರಿಸಿದರು. ಚಿಕ್ಕಮ್ಮ ಅದನ್ನು ದೂರ ಹಿಡಿದು ನೋಡಿದಳು.

"ಪಾತ್ರೆ ತೊಳೆಯೋ ಮುಂಚೆ ಒಂದು ಚಮಚ ಹೆಪ್ಪು ತೆಗೆದಿಡ್ತಾರೆ. ಇಷ್ಟೇ ತಾನೆ? ಇದಕ್ಕೆ ಇಷ್ಟು ಡ್ರಾಯಿಂಗ್ ಯಾಕ್ರೀ?"

ಹೆಪ್ಪಿನ ವಿಷಯದಲ್ಲಿ ಅವಳ ಮಾತಿಗೆ ಎದುರಾಡುವಂತಿರಲಿಲ್ಲ. ಈ ದೇಶಕ್ಕೆ ಬಂದ ಹೊಸತರಲ್ಲಿ ಹಸಿಮೆಣಸಿನಕಾಯಿಯ ತೊಟ್ಟು ಹಾಲಿಗೆ ಹಾಕಿ, ಹಲವು ಸಲ ಸೋತು, ಕೊನೆಗೆ ಹೆಪ್ಪುಗಟ್ಟಿಸಿದ ಮೊಸರು ಅದು. ಅಲ್ಲಿಂದ ಮುಂದೆ ಒಂದು ದಿನವೂ ಅಂಗಡಿಯ ಮೊಸರು ಆ ಮನೆಯೊಳಗೆ ಬರಲಿಲ್ಲವೆಂಬುದು ಅವಳ ಹೆಮ್ಮೆ. ಕೇಳಿದವರಿಗೆಲ್ಲ ಕೊಡುತ್ತಿದ್ದಳು. ತೆಗೆದುಕೊಂಡವರು ನಾಲ್ಕು ದಿನ ಶ್ರದ್ಧೆಯಿಂದ ಮೊಸರು ಮಾಡಿ, ಮತ್ತೆ ಡಬ್ಬಿ ಯೋಗರ್ಟ್‌ಗೆ ಮರಳುತ್ತಿದ್ದರು. ನಾನೂ ಆ ಪಂಗಡದವಳೇ.

ಆಸ್ಪತ್ರೆಗೆ ಸೇರಿದ ದಿನ ಸಂಜೆ ಸಂಶೋಧನಾ ವಿಭಾಗದ ಯುವ ವೈದ್ಯನೊಬ್ಬ ಬಂದ. ಅವಳ ಕತ್ತಿನಿಂದ ತೆಗೆದ ಗಂಟಿನ ಚೂರು, ಸ್ವಲ್ಪ ರಕ್ತ, ಇವನ್ನು ಮುಂದಿನ ಸಂಶೋಧನೆಗಾಗಿ ಇಟ್ಟುಕೊಳ್ಳಬಹುದೇ ಎಂದು ಕೇಳಿದ. ಚಿಕ್ಕಮ್ಮ ಕಿಟಕಿಯ ಕಡೆ ನೋಡಿದಳು. ಹೊರಗೆ ಬೀದಿದೀಪ ಹತ್ತಿತ್ತು. ನಾಳೆ ಬೆಳಿಗ್ಗೆ ಬನ್ನಿ ಎಂದುಬಿಟ್ಟಳು. ಪಾಪ, ಹೆದರಿದ್ದಾರೆಂದು ಅವನು ತಿಳಿದ. ಸಹಿ ಹಾಕಲೇಬೇಕೆಂದಿಲ್ಲ, ಬೇಡವೆಂದರೂ ಚಿಕಿತ್ಸೆಯಲ್ಲಿ ಏನೂ ವ್ಯತ್ಯಾಸವಾಗುವುದಿಲ್ಲವೆಂದು ಸಮಾಧಾನ ಹೇಳಿದ. ಸ್ವಲ್ಪ ಹೊತ್ತಿಗೆ ನರ್ಸ್ ಬಂದು, ಕನ್ನಡ ಬಲ್ಲ ದುಭಾಷಿಯನ್ನು ಫೋನಿನಲ್ಲಿ ಬುಕ್ ಮಾಡಲೇ ಎಂದು ಕೇಳಿದಳು. ಮೂವತ್ತು ವರ್ಷ ಇಂಗ್ಲಿಷಿನಲ್ಲೇ ಆಫೀಸು ನಡೆಸಿದವಳಿಗೆ ಇದರಿಂದ ಸ್ವಲ್ಪ ಅವಮಾನವೇ ಆಯಿತು.

"ಕೊಡಲ್ಲ ಅಂದ್ನಾ ನಾನು?" ಎಂದು ನನ್ನ ಮೇಲೆ ಹರಿಹಾಯ್ದಳು. "ದೀಪ ಹಚ್ಚೋ ಹೊತ್ತಲ್ಲಿ ಮನೆಯಿಂದ ಹೆಪ್ಪು ಆಚೆ ಕೊಡ್ತಾರೇನೇ, ಪುಟ್ಟಿ?"

ಬೆಳಿಗ್ಗೆ ಅವನು ಬಾಯಿ ತೆರೆಯುವ ಮೊದಲೇ ಪೆನ್ನಿಗೆ ಕೈ ಚಾಚಿದಳು.

ಕೋಶಗಳನ್ನು ವಾಪಸು ಕೊಟ್ಟ ದಿನ ಕೋಣೆಯ ತುಂಬ ಜೋಳ ಬೇಯಿಸಿದ ವಾಸನೆ. ಫ್ರೀಜ್ ಮಾಡುವಾಗ ಬೆರೆಸುವ ರಾಸಾಯನಿಕದ್ದು, ರೋಗಿಯ ಉಸಿರಿನಿಂದಲೇ ಬರುತ್ತದೆ ಎಂದು ನರ್ಸ್ ಹೇಳಿದಳು. "ನನ್ನೊಳಗೆ ಯಾರೋ ಒಲೆ ಹಚ್ಚಿದಾರೆ" ಎಂದು ಚಿಕ್ಕಮ್ಮ ನಕ್ಕಳು. ಆ ನಗು ನನಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಆದರೆ ನಾನು ಅವತ್ತು ಅಲ್ಲಿರಲೇ ಇಲ್ಲ, ಸಿಡ್ನಿಯಿಂದ ಮರುದಿನದ ಫ್ಲೈಟಿಗೆ ಮತ್ತೆ ಬಂದೆ ಎನ್ನುತ್ತಾರೆ ಚಿಕ್ಕಪ್ಪ. ವಾಸನೆ ಮರುದಿನವೂ ಇತ್ತಂತೆ. ಹಾಗಾದರೆ ನಾನು ಮೂಗಿನಿಂದ ನೆನಪಿಟ್ಟದ್ದು ನಿಜ, ಕಿವಿಯಿಂದ ನೆನಪಿಟ್ಟದ್ದು ಫೋನಿನಲ್ಲಿ ಕೇಳಿದ್ದು. ನೀವೇ ಹೇಳಿ, ಎರಡನ್ನೂ ಬೇರ್ಪಡಿಸಿ ನಾನೇನು ಮಾಡಲಿ?

ಅವಳನ್ನು ನಿಜವಾಗಿ ಕಂಗೆಡಿಸಿದ್ದು ಊಟದ ಕಟ್ಟಳೆ. ರೋಗನಿರೋಧಕ ಶಕ್ತಿಯೇ ಇಲ್ಲದ ಆ ವಾರಗಳಲ್ಲಿ ಹಸಿಯದ್ದು ಯಾವುದೂ ಕೂಡದು. ಮೊಸರಂತೂ ಕೂಡದೇ ಕೂಡದು, ಅದರಲ್ಲಿ ಜೀವಾಣುಗಳಿರುತ್ತವಲ್ಲ. ಬಾಯಿತುಂಬ ಹುಣ್ಣಾಗಿ ನೀರೂ ಇಳಿಯದಿದ್ದಾಗಲೂ ಅವಳು ಕೇಳುತ್ತಿದ್ದದ್ದು ಒಂದೇ: "ರೀ, ಹೆಪ್ಪು ನೋಡ್ಕೋತಿದೀರಾ?" ಚಿಕ್ಕಪ್ಪ ಕುರ್ಚಿ ಎಳೆದುಕೊಂಡು ಕೂತು, "ಇದೆ ಕಣೆ, ಚೆನ್ನಾಗಿದೆ" ಎನ್ನುವರು. ಅಡುಗೆಮನೆಯಲ್ಲಿ ಕಾಫಿಯಾಚೆಗೆ ಏನನ್ನೂ ಅರಿಯದ ಮನುಷ್ಯ. ಬೆಳಗಿನಿಂದ ಸಂಜೆಯವರೆಗೆ ಆಸ್ಪತ್ರೆಯಲ್ಲೇ ಇದ್ದು, ಕೊನೆಯ ಸ್ಟೇಷನ್ನಿನ ತನಕ ರೈಲಿನಲ್ಲಿ ತೂಕಡಿಸುತ್ತ ಮನೆ ಸೇರುತ್ತಿದ್ದರು. ಒಂದು ಶನಿವಾರ ಅವರ ಮನೆಯಲ್ಲಿ ಕಸ ಹೊರಗಿಡಲು ಹೋದಾಗ, ರೀಸೈಕ್ಲಿಂಗ್ ಬಿನ್ನಿನಲ್ಲಿ ಅಂಗಡಿಯ ಯೋಗರ್ಟ್ ಡಬ್ಬಿಯೊಂದನ್ನು ನೋಡಿದೆ. ತೊಳೆದು, ಲೇಬಲ್ಲು ಕೆಳಗಾಗಿ ಮಲಗಿಸಿತ್ತು. ಬಿನ್ನಿನ ಮುಚ್ಚಳ ಹಾಕಿ ಒಳಗೆ ಬಂದೆ. ಡಬ್ಬಿ ಪಕ್ಕದ ಮನೆಯದೂ ಇರಬಹುದಿತ್ತು.

ಅವಳು ಮನೆಗೆ ಬಂದಳು. ತಿಂಗಳುಗಳ ಮೇಲೆ ಮೊಸರಿಗೆ ಅಪ್ಪಣೆಯೂ ಸಿಕ್ಕಿತು. ಅವತ್ತು ಮಾತ್ರ ನಾನು ಇದ್ದೆ, ಇದರಲ್ಲಿ ಅನುಮಾನವಿಲ್ಲ. ಕಲಸಿದ ಅನ್ನವನ್ನು ಬಾಯಿಗಿಟ್ಟು ಕಣ್ಣು ಮುಚ್ಚಿದಳು.

"ನಮ್ಮದೇ ತಾನೇ ಇದು?"

"ಮತ್ತಿನ್ಯಾರದು?" ಎಂದ ಚಿಕ್ಕಪ್ಪ ಎದ್ದು ನೀರು ತರಲು ಹೋದರು. ನೀರಿನ ಜಗ್ಗು ಮೇಜಿನ ಮೇಲೇ ಇತ್ತು.

ಎರಡು ಒಳ್ಳೆಯ ವರ್ಷಗಳು ಸಿಕ್ಕವು. ಆಮೇಲೆ ರೋಗ ಮೂರನೆಯ ಸಲ ಬಂದು, ಅವಳನ್ನು ಕರೆದುಕೊಂಡೇ ಹೋಯಿತು. ಕರ್ಮಾಂತರಗಳು ಮುಗಿದು ಸಿಡ್ನಿಗೆ ಹೊರಟಾಗ ಚಿಕ್ಕಪ್ಪ ನನ್ನ ಕೈಗೆ ಹೆಪ್ಪಿನ ಪುಟ್ಟ ಸ್ಟೀಲ್ ಡಬ್ಬಿ ಕೊಟ್ಟು, "ನನ್ನ ಕೈಲಿ ಇನ್ನು ಆಗಲ್ಲಮ್ಮ" ಎಂದರು. ಅಂದಿನಿಂದ, ನಾಲ್ಕು ದಿನದ ಪಂಗಡದ ನಾನು, ಒಂದು ದಿನವೂ ತಪ್ಪಿಸಿಲ್ಲ. ಮೆಲ್ಬರ್ನ್‌ನ ಯಾವುದೋ ಫ್ರೀಜರಿನಲ್ಲಿ ಅವಳ ಹೆಸರಿಲ್ಲದೆ, ಬರೀ ಒಂದು ಸಂಖ್ಯೆಯಾಗಿ, ಅವಳ ಚೂರೊಂದು ಇನ್ನೂ ಇದ್ದೀತು. ಅದನ್ನು ನೋಡಲು ನನಗೆ ಬಿಡುವುದಿಲ್ಲ. ನನ್ನ ಫ್ರಿಜ್ಜಿನಲ್ಲಿರುವುದು ಈ ಮೊಸರು. ಅವಳದೆಂದುಕೊಂಡೇ ರಾತ್ರಿಯ ಅನ್ನಕ್ಕೆ ಕಲಸಿಕೊಳ್ಳುತ್ತೇನೆ.

ಮಾಲ್‌ನಿಂದ ಬಂದವಳು ಹಾಲು ಕಾಯಿಸಿ, ಅದು ಉಗುರುಬೆಚ್ಚಗಾಗುವುದನ್ನು ಕಾಯುತ್ತ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಮೊಣಕಾಲು ನೋವಿನ ಬಗ್ಗೆ, ಹಿತ್ತಲಿನ ನಿಂಬೆಗಿಡದ ಬಗ್ಗೆ ಮಾತಾಡಿದರು. ಇಷ್ಟು ವರ್ಷ ಬಾಯಿಗೆ ಬಂದದ್ದನ್ನು ನುಂಗಿಕೊಂಡಿದ್ದವಳು ಅವತ್ತು ಕೇಳಿಯೇಬಿಟ್ಟೆ. ಅವರು, "ಮೋಡ ಆಗಿದೆ ಪುಟ್ಟಿ, ಒಣಗಿಹಾಕಿರೋ ಬಟ್ಟೆ ತಗೋಬೇಕು" ಎಂದು ಫೋನ್ ಇಟ್ಟರು. ಮತ್ತೆ ಮಾಡಿಲ್ಲ. ನಾನೂ ಮಾಡಿಲ್ಲ. ಹಾಲಿಗೆ ಹೆಪ್ಪು ಹಾಕುವಾಗ ಮಾತ್ರ ದಿನವೂ ಅದೇ ಮಾತು ನಾಲಗೆಯ ತುದಿಗೆ ಬರುತ್ತದೆ:

"ಚಿಕ್ಕಪ್ಪ, ಅವಳು ಆಸ್ಪತ್ರೆಯಲ್ಲಿದ್ದಾಗ ಹೆಪ್ಪು ಉಳಿದಿತ್ತಾ?"